ಇಂಜಿನ್ನಿನ ಕಿವಿ

ಅಪ್ಪಯ್ಯನ ಜೊತೆ ರಸ್ತೆ ದಾಟುವುದು ಚಿಕ್ಕಂದಿನಲ್ಲಿ ನನಗೆ ಮಾನ ಹೋಗುವ ಕೆಲಸವಾಗಿತ್ತು. ರಸ್ತೆ ಬದಿಗೆ ಬಂದು ನಿಂತವರೇ ಎಡಗಡೆ ನೋಡಿ ದೊಡ್ಡ ದನಿಯಲ್ಲಿ "ಎಡ ಕ್ಲಿಯರ್" ಅನ್ನುತ್ತಿದ್ದರು. ಜೊತೆಗಿದ್ದವರು ಬಲಗಡೆ ನೋಡಿ "ಬಲ ಕ್ಲಿಯರ್" ಅನ್ನಬೇಕು. ಅನ್ನದಿದ್ದರೆ ಅವರು ಹೆಜ್ಜೆ ಕಿತ್ತಿಡುವುದಿಲ್ಲ. ಬಸ್ಸು, ಲಾರಿ ಎಲ್ಲ ಹೋಗಿ ರಸ್ತೆ ಖಾಲಿ ಬಿದ್ದಿದ್ದರೂ ಅಲ್ಲೇ ನಿಂತಿರುತ್ತಿದ್ದರು. ನಾನು ಬಾಯೊಳಗೇ ಗೊಣಗಿದರೆ "ಕೇಣ್ಲಿಲ್ಲ" ಅನ್ನುತ್ತಿದ್ದರು. ಸುತ್ತಲಿನವರು ನೋಡಿ ನಗುವಾಗ ನನಗೂ ತಮ್ಮನಿಗೂ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಅಪ್ಪಯ್ಯ ಉಗಿ ಇಂಜಿನ್ನಿನ ಡ್ರೈವರ್ ಆಗಿದ್ದವರು. ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಇವನಿಂದ ಕಡಲಿನ ಕೆಲಸ ಆಗುವುದಲ್ಲ ಎಂದು ಅಜ್ಜ ಹುಬ್ಬಳ್ಳಿಯಲ್ಲಿದ್ದ ನೆಂಟರೊಬ್ಬರ ಹಿಂದೆ ಕಳಿಸಿದರು. ಅಲ್ಲಿ ಇಂಜಿನ್ ಶೆಡ್ಡಿನಲ್ಲಿ ಬೂದಿ ತೆಗೆಯುವುದರಿಂದ ಶುರುಮಾಡಿ, ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ, ಕೊನೆಗೆ ಎಕ್ಸ್‌ಪ್ರೆಸ್ ಗಾಡಿ ಓಡಿಸುವ ತನಕ ಬಂದರು. ಆ ಕಾಲದ ಮೀಟರ್ ಗೇಜ್ ಇಂಜಿನ್ನು. ಗಾಡಿ ಎಷ್ಟು ಅಲ್ಲಾಡಿದರೂ ಅವರಿಗೆ ವಾಂತಿ ಬರಲಿಲ್ಲವಂತೆ. ನೀರಿನ ಮೇಲೆ ಆಗದ್ದು ಕಬ್ಬಿಣದ ಮೇಲೆ ಆಯಿತು ನೋಡು ಎಂದು ಅಮ್ಮ ಈಗಲೂ ಕೀಟಲೆ ಮಾಡುವುದುಂಟು.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಬೆಳೆದೆವು. ಒಂದು ಭಾನುವಾರ ಅಪ್ಪಯ್ಯ ನನ್ನನ್ನೂ ತಮ್ಮನನ್ನೂ ಶೆಡ್ಡಿಗೆ ಕರೆದುಕೊಂಡು ಹೋಗಿ ಅವರ ಇಂಜಿನ್ನು ತೋರಿಸಿದರು. ಅಷ್ಟು ದೊಡ್ಡ ಕಪ್ಪು ಯಂತ್ರದ ಎದುರು ನಿಂತು ನಾನು ಕೇಳಿದ್ದು ಒಂದೇ ಪ್ರಶ್ನೆ, ಇದಕ್ಕೆ ಕಿವಿ ಯಾಕೆ ಅಂತ. ಮುಂಭಾಗದಲ್ಲಿ, ಹೊಗೆ ಕೊಳವೆಯ ಎರಡೂ ಕಡೆ, ಆಳೆತ್ತರದ ಎರಡು ಕಬ್ಬಿಣದ ತಗಡು ನಿಲ್ಲಿಸಿದ್ದರು. ಬಾಯ್ಲರಿಗೆ ಅಂಟಿಕೊಂಡಿರಲಿಲ್ಲ, ನಡುವೆ ಕೈ ಹಾಕುವಷ್ಟು ಸಂದು ಇತ್ತು. ಎಲ್ಲ ಇಂಜಿನ್ನಿಗೂ ಅದು ಇರುತ್ತಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಬೋಳಾಗಿತ್ತು.

ಅಪ್ಪಯ್ಯ ನಕ್ಕು, ಕಿವಿಯೇ ಅಂತ ಇಟ್ಟುಕೊಳ್ಳಿ ಎಂದರು. ಆಮೇಲೆ ವಿವರಿಸಿದರು. ಇಂಜಿನ್ನು ಜೋರಾಗಿ ಓಡುವಾಗ ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಸೀಳಿದ ಗಾಳಿ ಎರಡು ಬದಿಗೆ ಸರಿದು, ಬಾಯ್ಲರಿನ ಹತ್ತಿರ ಒಂದು ಟೊಳ್ಳು ಉಳಿಯುತ್ತದೆ. ಮೇಲೆ ಹೋಗಬೇಕಾದ ಹೊಗೆ ಆ ಟೊಳ್ಳಿಗೆ ಇಳಿದು, ಬಾಯ್ಲರನ್ನು ನೆಕ್ಕಿಕೊಂಡು ಹಿಂದಕ್ಕೆ ಬಂದು ಸೀದಾ ಡ್ರೈವರನ ಕಿಟಕಿಗೆ ಮುಸುಕು ಹಾಕುತ್ತದೆ. ಅದರಲ್ಲೂ ಸ್ಟೇಷನ್ನು ಬಂತೆಂದು ಉಗಿ ಕಮ್ಮಿ ಮಾಡಿದಿರೋ, ಹೊಗೆಯನ್ನು ಮೇಲಕ್ಕೆ ತಳ್ಳುವ ದಮ್ಮೇ ಇಲ್ಲದೆ ಅದು ಪೂರ್ತಿ ಕೆಳಗೆ ಬೀಳುತ್ತದೆ. ಅಂದರೆ ಸಿಗ್ನಲ್ ಕಾಣಲೇಬೇಕಾದ ಹೊತ್ತಿಗೇ ಸಿಗ್ನಲ್ ಕಾಣುವುದಿಲ್ಲ. ಈ ಕಿವಿಗಳು ಎದುರಿನ ಗಾಳಿಯನ್ನು ಹಿಡಿದು ಆ ಸಂದಿನಿಂದ ಮೇಲಕ್ಕೆ ಕಳಿಸುತ್ತವೆ. ಗಾಳಿ ಎದ್ದರೆ ಹೊಗೆಯೂ ಏಳುತ್ತದೆ.

"ಹೊಗಿಗೆ ದಾರಿ ತೋರ್ಸುಕೆ ಆತಿಲ್ಲ ಮಗಾ. ಗಾಳಿಗೆ ದಾರಿ ಕೊಡ್ಕ್. ಹೊಗಿ ಅದ್ರ ಬೆನ್ನಿಗೇ ಹೋತ್ತ್" ಎಂದರು.

ನನಗೆ ಅರ್ಥವಾಗಲಿಲ್ಲ. ತಮ್ಮ ಆ ಸಂದಿನಲ್ಲಿ ಕೈ ಹಾಕಿ ಮಸಿ ಮಾಡಿಕೊಂಡು ಅಮ್ಮನ ಹತ್ತಿರ ಬೈಸಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.

ಕಿವಿ ಇಲ್ಲದ ಇಂಜಿನ್ನು ಪಾಲಿಗೆ ಬಂದ ದಿನ ಅಪ್ಪಯ್ಯ ಊಟ ಮಾಡುವಾಗಲೇ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ಅಂಥ ಒಂದು ದಿನದ ಕಥೆಯನ್ನು ಅವರು ನಮಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಮಳೆಗಾಲ, ಘಟ್ಟದ ಕಡೆಯ ದಾರಿ. ಸ್ಟೇಷನ್ ಹತ್ತಿರ ಬಂತೆಂದು ಉಗಿ ಇಳಿಸಿದ್ದಾರೆ, ಹೊಗೆ ಬಿದ್ದು ಕಿಟಕಿಯ ಆಚೆ ಏನೇನೂ ಇಲ್ಲ. ಹೊಸದಾಗಿ ಡ್ರೈವರ್ ಆದ ದಿನಗಳು. ಕಾಣುವುದಿಲ್ಲ ಎಂದು ಬಾಯಿ ಬಿಟ್ಟರೆ ಫೈರ್‌ಮನ್ ಏನಂದುಕೊಂಡಾನು ಎಂದು ಒಂದು ಗಳಿಗೆ ನಾಲಿಗೆ ತಡೆಯಿತಂತೆ. ಆಮೇಲೆ ಕೂಗಿಬಿಟ್ಟರಂತೆ, "ನನಗೆ ಕಾಣೋದಿಲ್ಲ, ನೀನು ಹೇಳು." ಗಾಳಿ ಅವನ ಬದಿಯ ಹೊಗೆಯನ್ನು ಸರಿಸಿತ್ತು. ಅವನು ಹೊರಗೆ ಬಾಗಿ ಸಿಗ್ನಲ್ ಬಿದ್ದಿಲ್ಲ, ನಿಲ್ಲಿಸಿ ಎಂದು ಕೂಗಿದ. ಬ್ರೇಕು ಹಾಕಿದರು. ಮುಂದೆ ಅದೇ ಹಳಿಯ ಮೇಲೆ ಗೂಡ್ಸ್ ಗಾಡಿ ನಿಂತಿತ್ತು. ಆ ಫೈರ್‌ಮನ್‌ನನ್ನು ಅಪ್ಪಯ್ಯ ಇವತ್ತಿಗೂ ನೆನೆಯುತ್ತಾರೆ. ಇಬ್ಬರೂ ನೋಡಬೇಕು, ಇಬ್ಬರೂ ಬಾಯಿ ಬಿಟ್ಟು ಹೇಳಬೇಕು ಎಂಬುದು ಇಂಜಿನ್ನಿನ ಮೇಲಿನ ರೂಢಿ. ಅಪ್ಪಯ್ಯ ಅದನ್ನು ರಸ್ತೆಗೂ ತಂದರು.

ಉಗಿ ಇಂಜಿನ್ನುಗಳು ಮುಗಿದ ಮೇಲೆ ಅಪ್ಪಯ್ಯ ಕೆಲವು ವರ್ಷ ಡೀಸೆಲ್ ಓಡಿಸಿ, ನಿವೃತ್ತಿಯಾಗಿ ಗಂಗೊಳ್ಳಿಗೆ ಮರಳಿದರು. ಅಷ್ಟರಲ್ಲಿ ನಮ್ಮ ಕರಾವಳಿಗೂ ರೈಲು ಬಂದಿತ್ತು. ನನ್ನನ್ನು ಬ್ರಹ್ಮಾವರಕ್ಕೆ ಕೊಟ್ಟರು, ಅಲ್ಲಿ ನಾನೊಂದು ಸಣ್ಣ ಅಂಗಡಿ ಇಟ್ಟುಕೊಂಡೆ. ತಮ್ಮ ಪಿಯುಸಿಯಲ್ಲಿ ಡುಮ್ಕಿ ಹೊಡೆದು, ರಜೆಯಲ್ಲಿ ಮಾವನ ಬೋಟಿಗೆ ಹೋದವನು ಅಲ್ಲೇ ಉಳಿದ. ಅಪ್ಪಯ್ಯನಿಗೆ ಒಲಿಯದ ಕಡಲು ಅವನಿಗೆ ಒಲಿಯಿತು. ಬಲೆ ಎಳೆಯುತ್ತಿದ್ದವನು ನಿಧಾನವಾಗಿ ಚುಕ್ಕಾಣಿಗೆ ಬಂದ, ಒಬ್ಬ ಸಾಹುಕಾರರ ಟ್ರಾಲ್ ಬೋಟಿಗೆ ತಾಂಡೇಲನಾದ. ತಾಂಡೇಲನೆಂದರೆ ಬೋಟಿನ ಯಜಮಾನಿಕೆ ಅವನದು, ಬೋಟಿನ ಜೀವಗಳ ಹೊಣೆಯೂ ಅವನದು. ಅಮ್ಮನಿಗೆ ಅವನು ಜಿಲ್ಲಾಧಿಕಾರಿ ಆದಷ್ಟು ಹೆಮ್ಮೆ.

ಕೆಲವು ವರ್ಷಗಳ ಹಿಂದೆ ಒಂದು ಗಾಳಿಮಳೆಯಲ್ಲಿ ಅವನ ಬೋಟು ಬರುವುದು ತಡವಾಯಿತು. ಫೋನಿಗೂ ಸಿಗಲಿಲ್ಲ. ಅಮ್ಮ ಬಂದರಿನ ಜೆಟ್ಟಿಯ ಮೇಲೆ ಕಾದು ಕೂತು, ದೂರದಲ್ಲಿ ಯಾವ ಬೋಟು ಕಂಡರೂ ಇದೇ ಅವನದು ಎಂದು ಎದ್ದು, ಅಲ್ಲ ಎಂದು ಕೂತು, ಸಾಕುಸಾಕಾದಳು. ದೂರದಿಂದ ಎಲ್ಲ ಬೋಟೂ ಒಂದೇ ಥರ ಕಾಣುತ್ತದೆ. ಆ ಹೊತ್ತಿನಲ್ಲಿ ಅವಳು ಒಂದು ಹರಕೆ ಹೊತ್ತಳು. ಮಗ ಸುಖವಾಗಿ ಬಂದರೆ ಬೋಟಿನ ನೆತ್ತಿಯ ಮೇಲೆ ದೇವಿಯ ದೊಡ್ಡ ಬೋರ್ಡು ಮಾಡಿಸಿ ಇಡುತ್ತೇನೆ, ಅಳಿವೆಯ ಆಚೆಯಿಂದಲೇ ಕಾಣುವ ಹಾಗೆ. ಮಗ ಬಂದ.

ಬೋಟಿನ ಕ್ಯಾಬಿನ್ನಿನ ಮೇಲೆ ಹೆಸರಿನ ಹಲಗೆ ಎಲ್ಲರೂ ಹಾಕುತ್ತಾರೆ. ಅಮ್ಮ ಹಾಕಿಸಿದ್ದು ಹಲಗೆಯಲ್ಲ, ಗೋಡೆ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ, ಕ್ಯಾಬಿನ್ನಿನಷ್ಟೇ ಅಗಲದ, ಎದೆಯೆತ್ತರದ ತಗಡಿನ ಮೇಲೆ ದೇವಿಯ ಚಿತ್ರ, ಕೆಂಪು ಹಳದಿ ಅಂಚು, ಸುತ್ತ ಬಣ್ಣದ ಬಲ್ಬು. ಸಾಹುಕಾರರಿಗೂ ಖುಷಿಯಾಯಿತು. ಪೂಜೆ ಮಾಡಿ, ಕಾಯಿ ಒಡೆದು, ಹೂವಿನ ಮಾಲೆ ಹಾಕಿ ಕ್ಯಾಬಿನ್ನಿನ ಮಾಡಿನ ಮುಂದಿನ ಅಂಚಿಗೆ ಗಟ್ಟಿಯಾಗಿ ಕೂರಿಸಿದರು. ಅಮ್ಮ ಕೈಮುಗಿದು ಕಣ್ಣೊರೆಸಿಕೊಂಡಳು. ಬೋಟು ಹೊರಟಾಗ ಅದು ಕಡಲಿನ ಅಂಚಿನ ತನಕ ನಿಜಕ್ಕೂ ಕಾಣಿಸಿತು.

ತೊಂದರೆ ಶುರುವಾದದ್ದು ಆ ಹಂಗಾಮಿನಿಂದ. ಇಂಜಿನ್ನಿನ ಹೊಗೆ ಪೈಪು ಕ್ಯಾಬಿನ್ನಿನ ಹಿಂದೆ ಮೇಲಕ್ಕೆ ಹೋಗಿತ್ತು. ಮೊದಲೆಲ್ಲ ಆ ಹೊಗೆ ತನ್ನಷ್ಟಕ್ಕೆ ಹಿಂದೆ ಹಾರಿ ಹೋಗುತ್ತಿತ್ತು. ಈಗ ತಿರುಗಿ ಹಿಂಬಾಗಿಲಿನಿಂದ ಕ್ಯಾಬಿನ್ನಿನೊಳಗೆ ನುಗ್ಗತೊಡಗಿತು. ಗಾಜಿಗೆ ಒಳಗಿನಿಂದ ಮಸಿ, ತಮ್ಮನ ಕಣ್ಣಿನಲ್ಲಿ ನೀರು. ಮೆಕ್ಯಾನಿಕ್ ಬಂದು ಇಂಜಿನ್ನು ಬಿಚ್ಚಿ ತೊಳೆದ. ಡೀಸೆಲ್ ಕೆಟ್ಟದ್ದು ಎಂದರು, ಬೇರೆ ಕಡೆಯ ಡೀಸೆಲ್ ಹಾಕಿದರು. ಪೈಪನ್ನು ಒಂದು ಮೊಳ ಎತ್ತರಿಸಿದರು. ಹಿಂಬಾಗಿಲು ಮುಚ್ಚಿದರೆ ಒಳಗೆ ಬೇಯುವಷ್ಟು ಸೆಕೆ, ಬಲೆಯ ಕಡೆಯವರ ಕೂಗೂ ಕೇಳದು. ಬೋಟಿನಲ್ಲಿ ಮುಟ್ಟದ ವಸ್ತು ಒಂದೇ ಉಳಿಯಿತು. ಅದರ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವುದಿರಲಿ, ಯಾರಿಗೂ ಹೊಳೆಯಲೇ ಇಲ್ಲ. ದೇವಿಯ ಮೇಲೆ ಅನುಮಾನ ಪಡುವವರು ನಮ್ಮಲ್ಲಿ ಯಾರಿದ್ದಾರೆ?

ಒಂದು ಬೆಳಿಗ್ಗೆ ಅಳಿವೆಯಲ್ಲಿ ಬೋಟು ಎಡಗಡೆಯ ಮರಳಿಗೆ ಹತ್ತಿತು. ಗಂಗೊಳ್ಳಿಯ ಅಳಿವೆ ಗೊತ್ತಿದ್ದವರಿಗೆ ಅದರ ಭಯವೂ ಗೊತ್ತು. ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ ಎರಡೂ ಬದಿ ತೆರೆ ಒಡೆಯುತ್ತಿರುತ್ತದೆ, ನಡುವಿನ ಆಳವಾದ ದಾರಿಯನ್ನು ಕಣ್ಣಿನಲ್ಲೇ ಹುಡುಕಿಕೊಂಡು ಬರಬೇಕು. ಅವತ್ತು ನೀರು ಏರುವ ಹೊತ್ತಾದ್ದರಿಂದ ಬೋಟು ತಾನೇ ತೇಲಿ ಬಿಟ್ಟುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬಂದರಿನಲ್ಲಿ ಮಾತು ಹುಟ್ಟಿತು, ತಾಂಡೇಲನ ಕಣ್ಣು ಹೋಗಿದೆ ಅಂತ. ಅಪ್ಪನಿಗೂ ದಪ್ಪ ಕನ್ನಡಕ ಅಲ್ಲವೇ, ವಂಶದಲ್ಲೇ ಇದೆ ಅಂತ.

ಸಾಹುಕಾರರು ಕೆಟ್ಟವರಲ್ಲ. ಬೋಟಿನಲ್ಲಿದ್ದವರ ಹೆಂಡತಿ ಮಕ್ಕಳಿಗೆ ಉತ್ತರ ಹೇಳಬೇಕಾದವರು ಅವರು. ತಮ್ಮನನ್ನು ಕರೆದು ಮೆಲ್ಲಗೆ ಹೇಳಿದರಂತೆ. "ದೀಪಾವಳಿ ಕಳಿಲಿ, ಕಾಂಬ. ಅಷ್ಟರೊಳಗೆ ಸರಿಯಾಯ್ಲಿಲ್ಲ ಅಂದ್ರೆ ಚುಕ್ಕಾಣಿ ಬೇರೆಯವ್ರ್ ಹಿಡೀಲಿ. ನೀ ಬಲೆ ಬದಿಗೆ ಇರ್."

ಇಪ್ಪತ್ತು ವರ್ಷ ಬಲೆಯಿಂದ ಚುಕ್ಕಾಣಿಗೆ ಏರಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಅದೇ ಬೋಟಿನಲ್ಲಿ, ಅವನೇ ಕೆಲಸ ಕಲಿಸಿದವರ ನಡುವೆ, ಮತ್ತೆ ಬಲೆಗೆ ಕೈ ಹಾಕಬೇಕು. ಕುಂದಾಪುರದ ಕಣ್ಣಿನ ಡಾಕ್ಟರರ ಹತ್ತಿರ ನಾನೇ ಅವನನ್ನು ಎಳೆದುಕೊಂಡು ಹೋದೆ. ಕಣ್ಣು ಚೆನ್ನಾಗಿದೆ, ಹೊಗೆಯಿಂದ ಉರಿದಿದೆ ಅಷ್ಟೇ ಎಂದು ಅವರು ಡ್ರಾಪ್ಸ್ ಕೊಟ್ಟರು. ಬಂದರಿನಲ್ಲಿ ಆ ಮಾತು ಯಾರಿಗೆ ಬೇಕು? ಮೀನು ಮಾರುವ ಹೆಂಗಸೊಬ್ಬಳು ನನ್ನ ಎದುರೇ "ಕಣ್ಣ್ ಕಾಣದ ತಾಂಡೇಲನ ಬೋಟಂಬ್ರ್" ಎಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವಳ ಹತ್ತಿರ ಮೀನು ಕೊಳ್ಳುವುದನ್ನು ಒಂದು ವರ್ಷ ಬಿಟ್ಟಿದ್ದೆ, ನಷ್ಟ ನನಗೇ ಆಯಿತು, ಅವಳ ಬಂಗುಡೆ ಯಾವಾಗಲೂ ತಾಜಾ.

ಆ ಭಾನುವಾರ ನಾನು ಗಂಗೊಳ್ಳಿಗೆ ಹೋದಾಗ ತಮ್ಮ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅಪ್ಪಯ್ಯ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಮರಳಿಗೆ ಹತ್ತುವತಿಗೆ ನಿಂಗ್ ಕಾಂತಿತ್ತಾ?"

ತಮ್ಮ ಇಲ್ಲ ಎಂದು ತಲೆ ಆಡಿಸಿದ.

"ಮುಂದೆ ಬೋಟಿನ ಮೂತಿಯಲ್ಲಿ ಒಬ್ರನ್ನ ನಿಲ್ಸಿ, ನಂಗ್ ಕಾಂತಿಲ್ಲ, ನೀ ಹೇಳ್ ಅಂದೇಳಿ ಕೇಣುಕೆ ಎಂತ ಆಯಿತ್?"

"ತಾಂಡೇಲ ಹಾಂಗ್ ಕೇಂಡ್ರೆ ನಗಾಡ್ತ್ರ್ ಅಪ್ಪಯ್ಯ."

"ಕಾಂತಿಲ್ಲ ಅಂಬವ ಕುರುಡ ಅಲ್ಲ ಮಗಾ. ಕಾಣದಿದ್ರೂ ಬಾಯಿ ಬಿಡದೆ ಇಪ್ಪವ ಕುರುಡ."

ಅಪ್ಪಯ್ಯ ಇಷ್ಟು ಖಾರವಾಗಿ ಮಾತಾಡುವವರಲ್ಲ. ತಮ್ಮನ ಮುಖ ಕೆಂಪಾಯಿತು. ನಾನು ನಡುವೆ ಬಾಯಿ ಹಾಕಲು ಹೋದೆ, ಅಮ್ಮ ಕಣ್ಣಲ್ಲೇ ತಡೆದಳು. ಅಪ್ಪಯ್ಯ ದನಿ ಇಳಿಸಿ ಕೇಳಿದರು. "ಹೊಗಿ ಯಾವತ್ತಿಗೆ ಇಳಿತ್ತ್? ಜೋರ್ ಹೋಪತಿಗಾ, ಸ್ಪೀಡ್ ಕಮ್ಮಿ ಮಾಡುವತಿಗಾ?"

"ಬೆಳಿಗ್ಗೆ ಎದುರಿಂದ ಮೂಡುಗಾಳಿ ಇರತ್ತಲೆ, ಆಗ. ಅಳಿವೆ ಹತ್ರ ಬಂದ್ ಸ್ಪೀಡ್ ಇಳ್ಸ್ರೆ ಪೂರಾ ಒಳಗೇ ಬತ್ತ್."

ಅಪ್ಪಯ್ಯನ ಮುಖ ಅರಳಿತು. ಎಷ್ಟೋ ವರ್ಷದ ಮೇಲೆ ಗುರುತಿನವರೊಬ್ಬರು ಎದುರಿಗೆ ಸಿಕ್ಕಿದ ಹಾಗಿತ್ತು. ಎದ್ದವರು ಒಳಗೆ ಹೋಗಿ ಟೇಬಲ್ ಫ್ಯಾನು ತಂದರು. ನನ್ನ ಚಪ್ಪಲಿಯ ಹಳೆಯ ರಟ್ಟಿನ ಡಬ್ಬ ತಂದು ಒಂದು ಬದಿ ಕತ್ತರಿಸಿ, ಇದು ಕ್ಯಾಬಿನ್ನು, ಇದು ಹಿಂಬಾಗಿಲು ಎಂದರು. ದೇವರ ಕೋಣೆಯಿಂದ ಊದಿನಕಡ್ಡಿ ತಂದು ಡಬ್ಬದ ಹಿಂದೆ ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದರು. ಡಬ್ಬದ ಮುಂದಿನಿಂದ ಫ್ಯಾನು ಹಾಕಿದರು. ಊದಿನಕಡ್ಡಿಯ ಹೊಗೆ ಡಬ್ಬದ ಮೇಲಿನಿಂದ ಬಂದ ಗಾಳಿಗೆ ಸಿಕ್ಕಿ ಹಿಂದಕ್ಕೆ ಹಾರಿ ಹೋಯಿತು. ಆಮೇಲೆ ಯಾರದೋ ಮದುವೆಯ ದಪ್ಪ ಕಾಗದವೊಂದನ್ನು ಎತ್ತಿಕೊಂಡು ಡಬ್ಬದ ಮುಂದಿನ ಅಂಚಿಗೆ ನೆಟ್ಟಗೆ ನಿಲ್ಲಿಸಿ ಹಿಡಿದರು. ಹೊಗೆ ತಡೆದು ನಿಂತಿತು, ತಿರುಗಿತು, ಕೆಳಗಿಳಿದು ಮೆಲ್ಲಗೆ ಡಬ್ಬದ ಒಳಗೆ ಹೋಯಿತು.

ಅಪ್ಪಯ್ಯ ಕಾಗದ ತೆಗೆದರು, ಹೊಗೆ ಹಾರಿತು. ಕಾಗದ ಇಟ್ಟರು, ಹೊಗೆ ಒಳಗೆ ಬಂತು. ತಮ್ಮ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರಿಗೂ ಗೊತ್ತಾಯಿತು, ಇಬ್ಬರಿಗೂ ಹೇಳುವ ಧೈರ್ಯವಿಲ್ಲ. ಅಮ್ಮ ಚಾ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅದ್ ನನ್ನ ಬೋರ್ಡ್ ಅಲ್ದಾ?" ಎಂದಳು.

ಅಪ್ಪಯ್ಯ ಕಾಗದ ಕೆಳಗಿಟ್ಟರು.

"ಅವ ನಂಗ್ ಕಾಣ್ಕ್ ಅಂದೇಳಿ ಹಾಕ್ಸ್ದೆ. ಅವಂಗೇ ಕಾಣದ ಹಾಂಗ್ ಮಾಡ್ದೆನಾ?" ಎಂದು ಲೋಟವನ್ನು ನೆಲಕ್ಕಿಟ್ಟು ಕೂತುಬಿಟ್ಟಳು. "ತೆಗ್ಸಿ ಬಿಡಿ. ದೇವಿಗೆ ನಾ ತಪ್ಪು ಕಾಣಿಕೆ ಹಾಕ್ತೆ."

"ತೆಗುದೆಂತಕೆ?" ಎಂದರು ಅಪ್ಪಯ್ಯ. "ನಾ ಇನ್ನೂ ಮುಗ್ಸ್ಲಿಲ್ಲ."

ಎರಡು ಬೆಂಕಿಕಡ್ಡಿ ಚುಚ್ಚಿ ಆ ಕಾಗದವನ್ನು ಡಬ್ಬದಿಂದ ಸ್ವಲ್ಪ ಮೇಲಕ್ಕೆ ಎತ್ತಿ, ತಲೆಯ ಭಾಗ ಹಿಂದಕ್ಕೆ ಬಾಗಿರುವ ಹಾಗೆ ನಿಲ್ಲಿಸಿದರು. ಬದಿಗಳಲ್ಲಿ ರಟ್ಟಿನ ಎರಡು ತುಂಡು, ಅವಕ್ಕೂ ಡಬ್ಬಕ್ಕೂ ನಡುವೆ ಸಂದು ಬಿಟ್ಟು. ಗಾಳಿ ಕಾಗದದ ಅಡಿಯಿಂದ ನುಗ್ಗಿ ಹಿಂದಿನ ಟೊಳ್ಳನ್ನು ತುಂಬಿತು. ಊದಿನಕಡ್ಡಿಯ ಹೊಗೆ ನಡುಗಿ, ಎದ್ದು, ಮೇಲಿನಿಂದ ದಾಟಿ ಹೋಯಿತು. ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ನನಗೆ ಶೆಡ್ಡಿನ ಆ ಕಪ್ಪು ತಗಡುಗಳು ನೆನಪಾದವು. ಅವತ್ತು ಅರ್ಥವಾಗದ್ದು ಇಷ್ಟು ವರ್ಷದ ಮೇಲೆ ನಮ್ಮದೇ ಜಗುಲಿಯಲ್ಲಿ ಅರ್ಥವಾಯಿತು.

ಬೋರ್ಡನ್ನು ಗೂಡ್ಸ್ ರಿಕ್ಷಾದಲ್ಲಿ ಹಾಕಿ ಬೈಂದೂರಿಗೆ ಕೊಂಡುಹೋದೆವು. ಅಲ್ಲಿ ಅಮ್ಮನ ಕಡೆಯ ಸಂಬಂಧಿಕನ ವೆಲ್ಡಿಂಗ್ ಅಂಗಡಿ ಇತ್ತು. ದೇವಿಯ ಮೇಲೆ ಕಿಡಿ ಹಾರಬಾರದೆಂದು ಅಮ್ಮ ತನ್ನ ರೇಷ್ಮೆ ಸೀರೆಯನ್ನೇ ಹೊದಿಸಲು ಹೊರಟಿದ್ದಳು, ನಾನು ಗದರಿ ಒದ್ದೆ ಗೋಣಿ ಹೊದಿಸಿದೆ. ಕೆಲಸ ಆಗುವ ತನಕ ಅಪ್ಪಯ್ಯ ಸ್ಟೇಷನ್ನಿಗೆ ಹೋಗುವ ಎಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಎಕ್ಸ್‌ಪ್ರೆಸ್ ಗಾಡಿಯೊಂದು ಕರೆಂಟು ಇಂಜಿನ್ನಿನ ಹಿಂದೆ ಸದ್ದಿಲ್ಲದೆ ಬಂದು ನಿಂತು ಹೋಯಿತು.

"ಹೊಗಿ ಇಲ್ಲ, ಮಸಿ ಇಲ್ಲ. ಪುಣ್ಯವಂತ್ರ್" ಎಂದರು ಅಪ್ಪಯ್ಯ.

ಅವರಿಗೆ ಬೇಸರವಾಗಿರಬಹುದು ಎಂದುಕೊಂಡಿದ್ದೆ. ಇರಲಿಲ್ಲ. ಹೊಗೆ ಕುಡಿದವರಿಗೆ ಹೊಗೆಯ ಮೇಲೆ ವ್ಯಾಮೋಹ ಇರುವುದಿಲ್ಲ, ಅದನ್ನು ಫೋಟೋದಲ್ಲಿ ನೋಡಿದವರಿಗೆ ಇರುತ್ತದೆ. ಗಾಡಿ ಹೋದ ಕಡೆಗೇ ಮುಖ ಮಾಡಿ ಅವರು ತುಂಬ ಹೊತ್ತು ಕೂತಿದ್ದರು. ಗಾಡಿ ತಿರುವು ದಾಟಿ ಎಷ್ಟೋ ಹೊತ್ತಾಗಿತ್ತು. ಇನ್ನೂ ಕಾಣುತ್ತಿದೆ ಎಂದುಕೊಂಡಿದ್ದರೋ ಏನೋ, ನಾನು ಆಗ ಗಮನಿಸಲಿಲ್ಲ.

ಬೋರ್ಡು ಕಬ್ಬಿಣದ ಕಾಲಿನ ಮೇಲೆ, ಮಾಡಿನಿಂದ ಒಂದು ಗೇಣು ಎತ್ತರದಲ್ಲಿ ಕೂತಿತು. ದೇವಿ ಸ್ವಲ್ಪ ಆಕಾಶ ನೋಡುವ ಹಾಗಾದಳು. ಎರಡು ಬದಿಗೆ ಎರಡು ತಗಡು, ಅಪ್ಪಯ್ಯ ಹೇಳಿದಷ್ಟು ಸಂದು. ಬೋಟಿನವರು ಸುತ್ತಲೂ ನಿಂತು ನೋಡಿ, "ಹ್ವಾಯ್, ಬೋಟಿಗೆ ಕಿಮಿ ಬಂತಲೆ" ಎಂದು ಆ ಎರಡು ಕಿವಿ ತೋರಿಸಿ ತಮಾಷೆ ಮಾಡಿದರು. ಸಾಹುಕಾರರು ಒಂದು ಸುತ್ತು ಬಂದು ಹೋದರು. ಬೋಟು ಕಡಲಿಗೆ ಹೊರಟಿತು.

ಮರಳಿ ಬಂದಾಗ ತಮ್ಮ ಫೋನು ಮಾಡಿದ. ಅವನ ದನಿಯಲ್ಲಿ ಜೀವ ಇರಲಿಲ್ಲ. ಹೊಗೆ ಹಾಗೇ ಇದೆ, ಒಂಚೂರೂ ಕಮ್ಮಿಯಾಗಿಲ್ಲ. ದೀಪಾವಳಿಗೆ ಉಳಿದದ್ದು ಇನ್ನೊಂದೇ ಸಾರಿ ಹೋಗಿ ಬರುವಷ್ಟು ದಿನ.

ನಾನು ಅಂಗಡಿಗೆ ಬೀಗ ಹಾಕಿ ಓಡಿದೆ. ಅಪ್ಪಯ್ಯ ಅಷ್ಟರಲ್ಲಾಗಲೇ ಜೆಟ್ಟಿಯಲ್ಲಿದ್ದರು. ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ ಮನುಷ್ಯ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅಲ್ಲಾಡುವ ಬೋಟಿಗೆ ಇಬ್ಬರ ಹೆಗಲು ಹಿಡಿದು ಹತ್ತಿದರು. ಏಣಿಯ ಮೇಲೆ ನಿಂತು ಬೋರ್ಡಿನ ಅಡಿಗೆ ಕೈ ಹಾಕಿದರು. ನೋಡಲಿಲ್ಲ, ತಡಕಿದರು. ಕೈಗೆ ಏನೋ ಸಿಕ್ಕಿತು. ಎಳೆದರು. ಹಳೆಯ ಬಲೆಯ ಕಂತೆ ಬಂತು. ಅದರ ಹಿಂದೆ ಹಗ್ಗದ ಸುರುಳಿ, ಬಲೆಗೆ ಕಟ್ಟುವ ಪ್ಲಾಸ್ಟಿಕ್ ಬುರುಡೆಗಳು, ಯಾರದೋ ರೈನ್‌ಕೋಟು, ಮಡಿಸಿದ ಟಾರ್ಪಾಲು, ಒಂದು ಜೊತೆ ಚಪ್ಪಲಿ.

ಬೋಟಿನಲ್ಲಿ ಕೆಲಸ ಮಾಡುವವರಿಗೆ ಗೇಣು ಜಾಗ ಖಾಲಿ ಕಂಡರೆ ಸಮಾಧಾನ ಇರುವುದಿಲ್ಲ. ಮಳೆ ಬೀಳದ, ಬಿಸಿಲು ತಾಗದ, ದೇವಿಯ ಬೆನ್ನಿಗೇ ಇರುವ ಅಂಥ ಒಳ್ಳೆಯ ಸಂದು ಸಿಕ್ಕರೆ ಯಾರು ಬಿಟ್ಟಾರು? ಹೊರಟ ದಿನವೇ ಎಲ್ಲರೂ ಸೇರಿ ಅದನ್ನು ತುಂಬಿಸಿಟ್ಟಿದ್ದರು. ತಮ್ಮನ ಚಪ್ಪಲಿಯೇ ಅದರಲ್ಲಿತ್ತು.

ನನಗೆ ಸಿಟ್ಟು ನೆತ್ತಿಗೇರಿ ಎಲ್ಲರಿಗೂ ಬೈದೆ. ಅಪ್ಪಯ್ಯ ಮಾತ್ರ ಏಣಿಯ ಮೇಲೇ ನಿಂತು ನಗಾಡಿದರು. ಶೆಡ್ಡಿನಲ್ಲೂ ಹೀಗೇ ಅಂತೆ, ಇಂಜಿನ್ನಿನ ಕಿವಿಯ ಸಂದಿನಲ್ಲಿ ಕ್ಲೀನರುಗಳು ಒರೆಸುವ ಬಟ್ಟೆ ಸಿಕ್ಕಿಸಿ ಮರೆತುಬಿಡುತ್ತಿದ್ದರಂತೆ. ಆಮೇಲೆ ಬೋಟಿನವರನ್ನು ಕೂರಿಸಿ, "ಅದ್ ಖಾಲಿ ಜಾಗ ಅಲ್ಲ ಮಾರಾಯ್ರೆ, ಅದ್ ಗಾಳಿದ್ ಜಾಗ" ಎಂದರು. ಅಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ದೇವಿಯ ಪಾದದ ಅಡಿಗೆ ಚಪ್ಪಲಿ ಇಟ್ಟರೆ ಯಾರಿಗೆ ಒಳ್ಳೆಯದಾಗುತ್ತದೆ ಎಂದು ಕೇಳಿದಳು. ಅಪ್ಪಯ್ಯನ ಗಾಳಿಗಿಂತ ಆ ಮಾತು ಹೆಚ್ಚು ನಾಟಿತು. ಇವತ್ತಿನ ತನಕ ಅಲ್ಲಿ ಯಾರೂ ಒಂದು ದಾರವನ್ನೂ ಇಟ್ಟಿಲ್ಲ.

ಆ ಸಾರಿ ಬೋಟು ಮರಳುವ ಬೆಳಿಗ್ಗೆ ನಾವು ಮೂವರೂ ಜೆಟ್ಟಿಯಲ್ಲಿದ್ದೆವು. ಸಾಹುಕಾರರೂ ಬಂದು ಸ್ವಲ್ಪ ದೂರದಲ್ಲಿ ನಿಂತಿದ್ದರು. ಬಿಸಿಲು ಆಗ ತಾನೇ ಬಿದ್ದಿತ್ತು, ಬೆನ್ನ ಹಿಂದಿನಿಂದ ಮೂಡುಗಾಳಿ ಕಡಲಿನ ಕಡೆಗೆ ಬೀಸುತ್ತಿತ್ತು. ಅಮ್ಮನೇ ಮೊದಲು ಕಂಡದ್ದು. ಕೆಂಪು ಹಳದಿ ಬೋರ್ಡು, ಬೇರೆ ಯಾವ ಬೋಟಿಗೂ ಇಲ್ಲದ್ದು. ಅವಳು ಕೈಮುಗಿದಳು.

ಬೋಟು ಅಳಿವೆಯ ಬಾಯಿಗೆ ಬಂತು. ಎರಡೂ ಬದಿ ತೆರೆ ಬೆಳ್ಳಗೆ ಒಡೆಯುತ್ತಿತ್ತು. ಇಂಜಿನ್ನಿನ ಸದ್ದು ಇಳಿಯಿತು. ಇದೇ ಹೊತ್ತು, ಹೊಗೆ ಬೀಳುವ ಹೊತ್ತು. ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ನನ್ನ ಮೊಣಕೈ ಹಿಡಿದರು.

"ನಂಗ್ ಕಾಂತಿಲ್ಲ ಮಗಾ" ಎಂದರು. "ನೀ ಹೇಳ್."

ಅಷ್ಟೇ. ಗುಟ್ಟು ಬಯಲಾದ ನಾಚಿಕೆ ಆ ದನಿಯಲ್ಲಿ ಇರಲಿಲ್ಲ. ಕಿಟಕಿಯ ಆಚೆ ಬದಿಯ ಫೈರ್‌ಮನ್‌ಗೆ ಹೇಳುವ ಹಾಗೆ ಹೇಳಿದರು. ಬೈಂದೂರಿನ ಬೆಂಚು, ಏಣಿಯ ಮೇಲೆ ತಡಕಿದ ಕೈ, ಎಲ್ಲ ನನಗೆ ಒಮ್ಮೆಲೇ ಅರ್ಥವಾಯಿತು. ಆದರೆ ಅಳುವ ಹೊತ್ತಾಗಿರಲಿಲ್ಲ, ಅವರು ಕಾಯುತ್ತಿದ್ದರು. ನಾನು ಕಣ್ಣು ಒರೆಸಿಕೊಂಡು ಬೋಟನ್ನು ನೋಡಿದೆ. ಹೊಗೆ ಪೈಪಿನಿಂದ ಹೊರಟು, ಬೋರ್ಡಿನ ಹಿಂದೆ ಒಂದು ಕ್ಷಣ ತಡವರಿಸಿ, ಎದ್ದು, ಮಾಡಿಗಿಂತ ಎತ್ತರದಲ್ಲಿ ಕಡಲಿನ ಕಡೆಗೆ ಹೋಗುತ್ತಿತ್ತು. ಕ್ಯಾಬಿನ್ನಿನ ಗಾಜಿನ ಹಿಂದೆ ತಮ್ಮನ ಮುಖ ಕಾಣುತ್ತಿತ್ತು.

"ಮೇಲೆ ಹೋತಾ ಇತ್ತ್ ಅಪ್ಪಯ್ಯ" ಎಂದೆ. "ಪೂರಾ ಮೇಲೆ."

ಆಗ ನೀರಿನ ಮೇಲಿನಿಂದ ದನಿ ಕೇಳಿತು. ಬೋಟಿನ ಮೂತಿಯಲ್ಲಿ ಒಬ್ಬ ನಿಂತು ತೆರೆ ನೋಡಿ "ಎಡ ಕ್ಲಿಯರ್" ಎಂದು ಕೂಗಿದ. ಹೊಗೆ ಇಲ್ಲದಿದ್ದರೂ ತಮ್ಮ ಅವನನ್ನು ನಿಲ್ಲಿಸಿದ್ದ. ಕ್ಯಾಬಿನ್ನಿನಿಂದ ತಮ್ಮನ ಉತ್ತರ ನಮಗೆ ಕೇಳಿಸಲಿಲ್ಲ, ದೂರ ಹೆಚ್ಚಿತ್ತು. ಅಪ್ಪಯ್ಯ ಬೋಟು ಇದ್ದಿರಬಹುದಾದ ಕಡೆಗೆ ಮುಖ ಎತ್ತಿ, ಹುಬ್ಬಳ್ಳಿಯ ರಸ್ತೆಯಲ್ಲಿ ನಮ್ಮ ಮಾನ ತೆಗೆಯುತ್ತಿದ್ದ ಅದೇ ದೊಡ್ಡ ದನಿಯಲ್ಲಿ, "ಬಲ ಕ್ಲಿಯರ್" ಎಂದರು.

ಸಾಹುಕಾರರು ತಿರುಗಿ ನೋಡಿದರು. ಮೀನು ಮಾರುವ ಹೆಂಗಸರೂ ನೋಡಿದರು. ನೋಡಿದರೆ ನೋಡಲಿ ಎಂದು ನಾನೂ ಅವರ ಜೊತೆ ಕೂಗಿದೆ.